ಕಾರ್ಡಿಗಿಂತ ಮೊದಲು ಕಿವಿ

ಮಂಜೇಶ್ವರದ ಕಡೆಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ನಾನು ಯುಕೆಜಿ ಮಕ್ಕಳಿಗೆ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬ್ಯಾರಿ ಮನೆಯವರು. ಪೋಷಕರ ಸಭೆಯಲ್ಲಿ ಉಮ್ಮಂದಿರು ಮೊದಲು ಕೇಳುವುದು ಒಂದೇ: “ಟೀಚರ್, ಸೈಟ್ ವರ್ಡ್ಸ್ ಎಷ್ಟು ಆಯಿತು?” ಅದರ ಹಿಂದೆಯೇ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ: “ನನಗೆ ಇಂಗ್ಲಿಷ್ ಬರುವುದಿಲ್ಲ. ಮನೆಯಲ್ಲಿ ಬ್ಯಾರಿ ಮಾತಾಡುವುದು ನಿಲ್ಲಿಸಬೇಕಾ?”

ಈ ಎರಡನೇ ಪ್ರಶ್ನೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಕ್ಷರ ಕೂಡಿಸುತ್ತಾ ಕೂರದೆ ಕಂಡ ಕೂಡಲೇ ಓದಬೇಕಾದ ಪದಗಳಿಗೆ ಸೈಟ್ ವರ್ಡ್ಸ್ ಎನ್ನುತ್ತಾರೆ. ‘ದ’, ‘ಟು’, ‘ಸೆಡ್’, ‘ಕಮ್’ ಮುಂತಾದವು. ಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪಟ್ಟಿಯನ್ನು ಅಮೆರಿಕದ ಎಡ್ವರ್ಡ್ ಡಾಲ್ಚ್ 1936ರಲ್ಲಿ ಪ್ರಕಟಿಸಿದರು. ಅದರಲ್ಲಿ 220 ಪದಗಳಿವೆ. ಯುಕೆಜಿ ಮುಗಿಯುವಾಗ 220 ಕೂಡ ಬರಬೇಕೆಂದು ಹಟ ಹಿಡಿಯುವವರು ಒಂದು ವಿಷಯ ತಿಳಿಯಬೇಕು. ಆ ಪಟ್ಟಿಯನ್ನು ಮೂರನೇ ತರಗತಿಯವರೆಗೆ ಹಂಚಲಾಗಿದೆ. ಮೊದಲ ಹಂತದಲ್ಲಿ ಇರುವುದು 40 ಪದ, ಎರಡನೇ ಹಂತದಲ್ಲಿ 52.

ಇನ್ನೂ ಮುಖ್ಯವಾದದ್ದು ಇದೆ. ಡಾಲ್ಚ್ ಪಟ್ಟಿ ಮಾಡುವಾಗ ಶಾಲೆಗೆ ಬರುವ ಸಣ್ಣ ಮಕ್ಕಳು ಆಡುವ ಮಾತಿನ ಪದಗಳನ್ನೂ ನೋಡಿದ್ದರು. ಅಲ್ಲಿನ ಮಗುವಿಗೆ ‘ಕಮ್’ ಎಂಬುದು ಉಮ್ಮನ ಬಾಯಲ್ಲಿ ದಿನಕ್ಕೆ ನೂರು ಸಲ ಕೇಳಿದ ಮಾತು. ಕಾರ್ಡಿನಲ್ಲಿ ಅದನ್ನು ಗುರುತಿಸಿದರೆ ಸಾಕು. ನಮ್ಮ ಮಗುವಿಗೆ ಆ ಪದ ಕಿವಿಗೂ ಹೊಸತು, ಕಣ್ಣಿಗೂ ಹೊಸತು. ಎರಡು ಕೆಲಸವನ್ನು ಒಂದೇ ಸಲ ಕೊಟ್ಟು, ‘ನನ್ನ ಮಗು ಹಿಂದೆ’ ಎಂದು ಕೊರಗುತ್ತೇವೆ.

ಕಿವಿಯ ಮಹತ್ವ ಕನ್ನಡ ಕಲಿಸುವಾಗಲೂ ಕಾಣುತ್ತದೆ. ನಮ್ಮ ಬ್ಯಾರಿಯಲ್ಲಿ ಲ ಮತ್ತು ಳ ಬೇರೆಯಾಗಿ ಕೇಳುವುದಿಲ್ಲ, ನ ಮತ್ತು ಣ ಕೂಡ ಹಾಗೆಯೇ. ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಎಂದು ಬರೆದರೆ ದಡ್ಡ ಎನ್ನಬೇಡಿ. ಕಿವಿಗೆ ಬೀಳದ ವ್ಯತ್ಯಾಸ ಕೈಗೆ ಬರುವುದು ಹೇಗೆ?

ಬರೀ ಕಾರ್ಡ್ ತೋರಿಸಿ ಉರು ಹೊಡೆಸಿದರೆ ಏನಾಗುತ್ತದೆಂದು ಒಬ್ಬ ಹುಡುಗ ನನಗೆ ತೋರಿಸಿಕೊಟ್ಟ. ‘ಸೆಡ್’ ಕಾರ್ಡ್ ತೆಗೆದರೆ ಎಲ್ಲರಿಗಿಂತ ಮೊದಲು ಅವನೇ ಹೇಳುತ್ತಿದ್ದ. ಅದೇ ಪದ ಬೋರ್ಡಿನಲ್ಲಿ ಬರೆದಾಗ ಸುಮ್ಮನೆ ನಿಂತ. ಆಮೇಲೆ ನೋಡಿದರೆ ಆ ಕಾರ್ಡಿನ ಮೂಲೆ ಮಡಚಿತ್ತು. ಅವನು ಓದುತ್ತಿದ್ದದ್ದು ಆ ಮೂಲೆಯನ್ನು. ಬಿಸ್ಕತ್ತಿನ ಹೆಸರನ್ನು ಪ್ಯಾಕೆಟಿನ ಬಣ್ಣ ನೋಡಿ ಹೇಳಿದ ಹಾಗೆ.

ಹಾಗಾಗಿ ಈಗ ನಾನು ಪದವನ್ನು ಚಿತ್ರದಂತೆ ತೋರಿಸುವುದಿಲ್ಲ. ಲಿನಿಯಾ ಎರಿ ಎಂಬ ಸಂಶೋಧಕಿ ಹೇಳುವುದೂ ಇದನ್ನೇ: ಅಕ್ಷರವನ್ನು ಅದರ ಸದ್ದಿಗೆ ಜೋಡಿಸಿದಾಗಲೇ ಪದ ಮನಸ್ಸಿನಲ್ಲಿ ನಿಲ್ಲುತ್ತದೆ. ‘ಸೆಡ್’ನಲ್ಲಿ ಮೊದಲಿನ ಎಸ್, ಕೊನೆಯ ಡಿ ತಮ್ಮ ಸದ್ದನ್ನೇ ಕೊಡುತ್ತವೆ. ತಂಟೆ ಇರುವುದು ನಡುವಿನ ಎ-ಐ ಜೋಡಿಯಲ್ಲಿ. ನೆನಪಿಡಬೇಕಾದದ್ದು ಅಷ್ಟು ಮಾತ್ರ.

ಅರ್ಥಕ್ಕೆ ಮನೆಮಾತೇ ಬೇಕು. ಮಗು ಬ್ಯಾರಿಯಲ್ಲಿ ‘ಉಪ್ಪ ಅಂಗಡಿಗೆ ಹೋದರು’ ಎಂದು ಹೇಳಿದರೆ, ನಾನು ‘ಉಪ್ಪ ವೆಂಟ್ ಟು ದ ಶಾಪ್’ ಎಂದು ಬೋರ್ಡಿನಲ್ಲಿ ಬರೆಯುತ್ತೇನೆ. ನಮ್ಮ ಮಾತಿನಲ್ಲಿ ಪದದ ಬಾಲಕ್ಕೆ ಅಂಟುವ ‘ಗೆ’ ಇಂಗ್ಲಿಷಿನಲ್ಲಿ ಬಿಡಿಯಾಗಿ ಮುಂದೆ ಬಂದು ‘ಟು’ ಆಗುತ್ತದೆ. ಇದನ್ನು ಬ್ಯಾರಿಯಲ್ಲಿ ಒಮ್ಮೆ ಹೇಳಿದರೆ ಮಗುವಿಗೆ ಹೊಳೆಯುತ್ತದೆ. ‘ದ’ ಎಂಬುದಕ್ಕೆ ನಮ್ಮಲ್ಲಿ ಸಮನಾದ ಪದವಿಲ್ಲ. ಅದರ ಅರ್ಥ ಕೇಳಿ ಮಗುವನ್ನು ಪೀಡಿಸಬಾರದು. ವಾಕ್ಯದಲ್ಲಿ ಕೇಳಿ ಕೇಳಿ ಅದು ತಾನಾಗಿ ಬರುತ್ತದೆ.

ಉಮ್ಮಂದಿರಿಗೆ ನಾನು ಹೇಳುವುದು ಇಷ್ಟು. ಬ್ಯಾರಿ ನಿಲ್ಲಿಸಬೇಡಿ. ಪತ್ತಿರ್ ಸುಡುವಾಗ ಮಗುವನ್ನು ಹತ್ತಿರ ಕೂರಿಸಿ ಕತೆ ಹೇಳಿ, ಅವನಿಂದಲೂ ಹೇಳಿಸಿ. ಯಾರು, ಎಲ್ಲಿಗೆ, ಯಾಕೆ ಎಂದು ತನ್ನ ಮಾತಿನಲ್ಲಿ ಹೇಳಬಲ್ಲ ಮಗುವಿಗೆ ಶಾಲೆಯ ಕತೆ ಬೇಗ ಅರ್ಥವಾಗುತ್ತದೆ. ಸೈಟ್ ವರ್ಡ್ಸ್ ವಾರಕ್ಕೆ ಮೂರೋ ನಾಲ್ಕೋ ಸಾಕು, ದಿನಕ್ಕೆ ಐದು ನಿಮಿಷ.

ಗಲ್ಫಿನಲ್ಲಿರುವ ಉಪ್ಪಂದಿರಿಗೂ ಒಂದು ಮಾತು. ರಾತ್ರಿ ವಿಡಿಯೋ ಕಾಲ್ ಮಾಡಿದಾಗ “ಎಷ್ಟು ಪದ ಬಂತು?” ಎಂದು ಪರೀಕ್ಷೆ ಮಾಡಬೇಡಿ. ನಿಮಗೆ ಸಿಗುವುದೇ ಹತ್ತು ನಿಮಿಷ. ಇವತ್ತು ಶಾಲೆಯಲ್ಲಿ ಏನಾಯಿತು ಎಂದು ಬ್ಯಾರಿಯಲ್ಲೇ ಕೇಳಿ, ಅವನು ಹೇಳಿ ಮುಗಿಸುವವರೆಗೆ ಕಾಯಿರಿ. ಕಾರ್ಡು ತೋರಿಸಲು ಶಾಲೆಯಲ್ಲಿ ನಾವಿದ್ದೇವೆ.