ಎರಡು ಕ್ಯೂಗಳು

ತೈವಾನಿನವರಿಗೆ ನೂಡಲ್ಸು ಹಲ್ಲಿಗೆ ಸಿಕ್ಕಾಗ ಸುಮ್ಮನೆ ಸೋಲಬಾರದು. ಒಂದಿಷ್ಟು ಪುಟಿದು, ಎದುರಾಡಿ, ಆಮೇಲೆ ಮಣಿಯಬೇಕು. ಆ ಗುಣಕ್ಕೆ ಅವರಿಟ್ಟಿರುವ ಹೆಸರು ‘ಕ್ಯೂ’. ಇಂಗ್ಲಿಷಿನ ಆ ಒಂದಕ್ಷರವನ್ನೇ ಅಂಗಡಿ ಬೋರ್ಡಿನ ಮೇಲೂ ಬರೆದಿರುತ್ತಾರೆ. ತುಂಬಾ ಚೆನ್ನಾಗಿದ್ದರೆ ‘ಕ್ಯೂಕ್ಯೂ’. ಮೀನಿನ ಉಂಡೆಗೂ, ಬಬಲ್ ಟೀಯ ತಳದ ಕರಿ ಗುಂಡುಗಳಿಗೂ ಇದೇ ಅಳತೆಗೋಲು. ನಮ್ಮಲ್ಲಿ ಕ್ಯೂ ಎಂದರೆ ಸಾಲು. ತೈಪೆಯ ಹೆಸರಾಂತ ಬೀಫ್ ನೂಡಲ್ಸ್ ಅಂಗಡಿಯೊಂದರಲ್ಲಿ ನಮ್ಮ ಕ್ಯೂ ನನಗೆ ಧಾರಾಳವಾಗಿ ಸಿಕ್ಕಿತು. ಅವರದು ಸಿಗಲಿಲ್ಲ.

ಆಗ ನಾನು ಶಿಂಚುವಿನಲ್ಲಿ ಓದುತ್ತಿದ್ದೆ. ಅಲ್ಲಿಗೆ ಕರೆದುಕೊಂಡು ಹೋದವನು ನಮ್ಮ ಲ್ಯಾಬಿನ ಗೆಳೆಯ. ಅವನ ತಾತ ಸಿಚುವಾನಿನ ಸೈನಿಕ. 1949ರಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಸೋತ ಚಿಯಾಂಗ್ ಕೈ-ಶೇಕ್ ಸರ್ಕಾರದ ಹಿಂದೆ ಸಮುದ್ರ ದಾಟಿ ಬಂದ ಲಕ್ಷಾಂತರ ಜನರಲ್ಲಿ ಒಬ್ಬರು. ಸ್ವಲ್ಪ ದಿನದಲ್ಲಿ ಊರಿಗೆ ಮರಳುತ್ತೇವೆ ಎಂದುಕೊಂಡೇ ಬಂದವರು. ಬಿಟ್ಟುಬಂದ ಬಂಧುಗಳನ್ನು ನೋಡಿಬರಲು ತೈವಾನ್ ಸರ್ಕಾರ ಅನುಮತಿ ಕೊಟ್ಟಿದ್ದು 1987ರಲ್ಲಿ.

ಈ ನೂಡಲ್ಸು ಅಂಥವರ ಅಡುಗೆ. ತೈವಾನಿನ ಹಳೆಯ ರೈತ ಮನೆಗಳಲ್ಲಿ ದನದ ಮಾಂಸ ತಿನ್ನುತ್ತಿರಲಿಲ್ಲ. ಗದ್ದೆ ಉತ್ತ ಪ್ರಾಣಿಯನ್ನು ತಿನ್ನಬಾರದು ಎನ್ನುತ್ತಿದ್ದರು. ಆ ಮಾತು ನಮ್ಮ ಕಡೆಯವರಿಗೂ ಹೊಸದಲ್ಲ. ವಲಸೆ ಬಂದ ಸೈನಿಕರು ತಮ್ಮ ಊರಿನ ರುಚಿ ಹುಡುಕಿಕೊಂಡು, ಕಾಳು ಮತ್ತು ಮೆಣಸಿನಕಾಯಿ ಹುದುಗಿಸಿದ ಖಾರದಲ್ಲಿ ಮಾಂಸ ಬೇಯಿಸಿದರು. ಅಮೆರಿಕದ ನೆರವಿನಿಂದ ಗೋಧಿಯೂ ಹಡಗುಗಟ್ಟಲೆ ಬಂತು. ದಕ್ಷಿಣದ ಗಾಂಗ್‌ಶಾನ್‌ನಲ್ಲಿ, ವಾಯುಪಡೆಯ ವಸತಿಗಳ ಸುತ್ತ ಇದು ಹುಟ್ಟಿತು ಎಂದು ಹಲವರು ಹೇಳುತ್ತಾರೆ. ಹೊರಗಿನವರ ಅಡುಗೆ ಈಗ ಇಡೀ ತೈವಾನಿನದು. ತೈಪೆ ನಗರ 2005ರಲ್ಲಿ ಅದಕ್ಕೆಂದೇ ಒಂದು ಉತ್ಸವ ಶುರುಮಾಡಿತು.

ತಾತ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ‘ಅವರು ಮಾಡುತ್ತಿದ್ದುದನ್ನು ನಿನಗೆ ತಿನ್ನಿಸೋಕೆ ಆಗಲ್ಲ, ಇಲ್ಲಾದರೂ ತಿನ್ನು’ ಎಂದಿದ್ದ ಗೆಳೆಯ.

ಒಂದೂಕಾಲು ಗಂಟೆ ಬೀದಿಯಲ್ಲಿ ನಿಂತೆವು. ಸಾಲಿನಲ್ಲಿದ್ದಾಗಲೇ ಒಬ್ಬಾಕೆ ಚೀಟಿ ಕೊಟ್ಟು ಗುರುತು ಹಾಕಿಸಿಕೊಂಡು ಹೋದಳು. ಒಳಗೆ, ಪರಿಚಯವಿಲ್ಲದ ನಾಲ್ವರ ಮೇಜಿನಲ್ಲಿ ನಮ್ಮಿಬ್ಬರನ್ನು ತುರುಕಿದರು. ಬೆನ್ನ ಹಿಂದೆ ಮುಂದಿನ ಸರದಿಯವರು ನಿಂತಿದ್ದರು. ಬೆಂಗಳೂರಿನ ದೋಸೆ ಹೋಟೆಲಿನಲ್ಲಿ, ನಾವು ಕೊನೆಯ ತುತ್ತು ನುಂಗುವುದನ್ನೇ ಕಾಯುತ್ತಾ ಕುರ್ಚಿ ಹಿಡಿದು ನಿಲ್ಲುವವರನ್ನು ಕಂಡವನಿಗೆ ಇದು ದೊಡ್ಡದಲ್ಲ. ದೊಡ್ಡದೆನಿಸಿದ್ದು ಬೇರೆ. ಕೂತ ಎರಡೇ ನಿಮಿಷದಲ್ಲಿ ಬಟ್ಟಲು ಬಂತು. ನೂಡಲ್ಸು ಯಾವಾಗಲೋ ಬೆಂದು, ನೀರು ಕುಡಿದು ಉಬ್ಬಿ ಮಲಗಿತ್ತು. ಸಾರು ಉಗುರುಬೆಚ್ಚಗಿತ್ತು. ಮೊದಲು ಉಪ್ಪು, ಆಮೇಲೆ ಚಕ್ರಮೊಗ್ಗು, ಅಷ್ಟೇ. ಮಾಂಸ ಮಾತ್ರ ಮೆತ್ತಗಿತ್ತು. ಪಕ್ಕದವರು ಫೋಟೋ ತೆಗೆದರು, ತಿಂದರು, ಎದ್ದರು.

ಅಡುಗೆಮನೆಯ ಲೆಕ್ಕ ಸರಳ. ಸಾರಿಗೆ ಗಂಟೆಗಟ್ಟಲೆ ಸಮಯ ಬೇಕು, ನೂಡಲ್ಸಿಗೆ ಕ್ಷಣದ ಎಚ್ಚರ ಬೇಕು. ಹೊರಗಿನ ಸಾಲು ಬೆಳೆದಷ್ಟೂ ಎರಡಕ್ಕೂ ಪುರುಸೊತ್ತು ಕಡಿಮೆ. ಸಾಲು ಕಂಡು ಸಾಲು ಬೆಳೆಯುತ್ತದೆ. ರುಚಿ ಹೋದ ಸುದ್ದಿ ಸಾಲಿನ ಬಾಲಕ್ಕೆ ತಲುಪುವುದೇ ಇಲ್ಲ.

ಗೆಳೆಯ ಮೇಜಿನ ಮೇಲಿದ್ದ ಸಾಸಿವೆ ಸೊಪ್ಪಿನ ಉಪ್ಪಿನಕಾಯಿಯನ್ನು ಚಮಚದ ಮೇಲೆ ಚಮಚ ಹಾಕಿಕೊಂಡು ತಿನ್ನುತ್ತಿದ್ದ. ಒಂದು ಮಾತೂ ಆಡಲಿಲ್ಲ. ಹೊರಗೆ ಬಂದ ಮೇಲೆ ಹೇಳಿದ: ‘ಇದನ್ನೇ ತಾತನ ರುಚಿ ಅಂದುಕೊಳ್ಳಬೇಡ.’

ಹಾಗಾದರೆ ಅದು ಹೇಗಿತ್ತು ಎಂದು ಕೇಳಿದೆ. ಖಾರ ಎಂದ. ಬಿಸಿ ಎಂದ. ಆಮೇಲೆ ಕೈ ಬಾಯಿಯವರೆಗೆ ಎತ್ತಿ ಏನೋ ಹೇಳಲು ಹೋಗಿ ನಿಲ್ಲಿಸಿದ. ಕೆಟ್ಟ ಊಟ ಒಂದು ಚಹಾದಲ್ಲಿ ಮರೆತುಹೋಗುತ್ತದೆ. ಆದರೆ ಹೋಲಿಸಲು ಅವನ ಬಳಿ ಇದ್ದದ್ದು ನೆನಪು ಮಾತ್ರ, ಅದಕ್ಕೂ ಮಾತು ಸಿಗುತ್ತಿರಲಿಲ್ಲ. ತಾತ ಏನನ್ನೂ ಬರೆದಿಡುವವರಲ್ಲವಂತೆ.

ಶಿಂಚುವಿನ ರೈಲಿನಲ್ಲಿ ಅವನು ಅಮ್ಮನಿಗೆ ಫೋನ್ ಮಾಡಿದ. ತಾತ ಯಾವ ಅಂಗಡಿಯ ಖಾರ ತರುತ್ತಿದ್ದರು, ಮಾಂಸ ಮೊದಲು ಹುರಿಯುತ್ತಿದ್ದರೋ ಆಮೇಲೋ ಎಂದೆಲ್ಲ ಕೇಳಿದ. ಅಮ್ಮನಿಗೆ ಗೊತ್ತಿರಲಿಲ್ಲ. ದೊಡ್ಡತ್ತೆಗೆ ಗೊತ್ತಿರಬಹುದು, ಅವಳಿಗೂ ಎಂಬತ್ತಾಯಿತು, ಬೇಗ ಕೇಳು ಎಂದರಂತೆ.