ಇರಲೋ, ಬರಲೋ?

ಕೊಡಗಿನ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ, ಪ್ರತಿ ವರ್ಷವೂ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಸೈನ್ಯ ಸೇರುತ್ತಿದ್ದರು. ಅವರಲ್ಲೊಬ್ಬ, 15 ವರ್ಷ ಸೇವೆ ಮುಗಿದು ಪಿಂಚಣಿಗೆ ಅರ್ಹನಾದಾಗ, ರಜೆಯಲ್ಲಿ ಮನೆಗೆ ಬಂದು ಕೇಳಿದ: "ಸಾರ್, ಇರಲೋ, ಬಂದುಬಿಡಲೋ?" ನಾನು ಹಾಳೆ ತೆಗೆದು ಸಂಬಳ, ಪಿಂಚಣಿ, ಊರಿನಲ್ಲಿ ಸಿಗಬಹುದಾದ ಕೆಲಸ ಎಲ್ಲವನ್ನೂ ಕೂಡಿ ಕಳೆದು, "ಇನ್ನೆರಡು ವರ್ಷ ಇರು" ಎಂದೆ.

ನಾನು ಅಂದು ಮಾಡಿದ ಲೆಕ್ಕಕ್ಕೆ ಅಮೆರಿಕದಲ್ಲಿ ಒಂದು ಶಾಸ್ತ್ರವೇ ಬೆಳೆದಿದೆ ಎಂಬುದು ನಿವೃತ್ತಿಯ ಬಳಿಕ ಓದಿ ತಿಳಿಯಿತು. ಅಲ್ಲಿ 1973ರಲ್ಲಿ ಕಡ್ಡಾಯ ಸೈನ್ಯಭರ್ತಿ ನಿಂತಿತು. ಅವಧಿ ಮುಗಿದ ಯೋಧ ಮತ್ತೆ ರುಜು ಹಾಕುವನೇ, ಎಷ್ಟು ಬೋನಸ್ಸು ಕೊಟ್ಟರೆ ಹಾಕುವನು ಎಂಬುದನ್ನು ಮುಂದಾಗಿ ಅಂದಾಜಿಸುವುದು ಅನಿವಾರ್ಯವಾಯಿತು. 'ಎ.ಸಿ.ಓ.ಎಲ್.' ಎಂಬ ಮಾದರಿಯು, ಈಗಲೇ ಬಿಟ್ಟುಹೋದರೆ ವರ್ಷಕ್ಕೆ ಸರಾಸರಿ ಎಷ್ಟು ನಷ್ಟವೆಂದು ಎಣಿಸುತ್ತದೆ. ಸೇವೆಯ ಮೇಲಿನ ಬೇಸರಕ್ಕಿಂತ ಆ ನಷ್ಟ ದೊಡ್ಡದಾದರೆ ಯೋಧ ಉಳಿಯುತ್ತಾನೆ. ಗಾಟ್ಜ್ ಮತ್ತು ಮೆಕಾಲ್ ಎಂಬ ರ್‍ಯಾಂಡ್ ಸಂಸ್ಥೆಯ ವಿದ್ವಾಂಸರು 1984ರಲ್ಲಿ, ವಾಯುಪಡೆಯ ಅಧಿಕಾರಿಗಳನ್ನು ಕುರಿತು, ಇನ್ನೂ ಸೂಕ್ಷ್ಮವಾದ ಮಾದರಿಯನ್ನು ಪ್ರಕಟಿಸಿದರು. ಒಲವಿಲ್ಲದವರು ಮೊದಲೇ ಹೊರಟುಹೋಗುತ್ತಾರೆ. ಆದ್ದರಿಂದ ಉಳಿದವರನ್ನು ಹೊಸಬರಂತೆ ಎಣಿಸಬಾರದು. 20 ವರ್ಷಕ್ಕೆ ಪಿಂಚಣಿ ದೊರೆಯುವಾಗ ಹದಿನೆಂಟನೆಯ ವರ್ಷದಲ್ಲಿ ಬಿಡುವವರು ವಿರಳ, ಅದು ದಾಟಿದೊಡನೆ ಹೊರಡುವವರು ಬಹಳ. ಹಳ್ಳಿಯ ಅಜ್ಜಿಯೂ ಹೇಳಬಲ್ಲ ಮಾತೇ, ನಿಜ. ಆದರೆ ಎಷ್ಟು ಮಂದಿ ಎಂದು ಅಜ್ಜಿ ಹೇಳಲಾರಳು.

ಈ ಮಾದರಿಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯಲ್ಲಿ ಸೇರಿಸುವ ಒಂದು ಅಕ್ಷರ. ಆ ವರ್ಷ ಆಕಸ್ಮಿಕವಾಗಿ ಬಂದೊದಗುವ ಕಾಯಿಲೆ, ಜಗಳ, ದೂರದ ವರ್ಗಾವಣೆ ಎಲ್ಲವೂ ಅದರೊಳಗೆ. ಸಾವಿರಾರು ಜನರ ಲೆಕ್ಕದಲ್ಲಿ ಅದು ಸರಿದೂಗುತ್ತದೆ. ನನ್ನೆದುರು ಕುಳಿತಿದ್ದವನು ಒಬ್ಬನೇ.

ಅವನು ಹಿಂದಿರುಗಿದ ಏಳನೆಯ ತಿಂಗಳಲ್ಲಿ ತಾಯಿ ತೀರಿಕೊಂಡರು. ಗಡಿಯಿಂದ ಹೊರಟು ಮನೆ ತಲುಪುವಾಗ ಎಲ್ಲ ಮುಗಿದಿತ್ತು. ನನ್ನ ಹಾಳೆಯಲ್ಲಿ ತಾಯಿಯ ವಯಸ್ಸನ್ನು ನಾನು ಕೇಳಿಯೇ ಇರಲಿಲ್ಲ. ಅವನು ಒಮ್ಮೆಯೂ ಆ ಮಾತೆತ್ತಲಿಲ್ಲ. ಕಳೆದ ಸುಗ್ಗಿಯಲ್ಲಿ ಕಾಫಿ ಕುಯ್ಲಿನ ಕೂಲಿಯ ಲೆಕ್ಕ ತೋರಿಸಲು ಬಂದಿದ್ದ. "ಸರಿಯಿದೆಯೇ ನೋಡಿ, ಸಾರ್" ಎಂದ. ನಾನು ಎರಡು ಸಲ ಕೂಡಿ ನೋಡಿದೆ.