ಪದಚ್ಯುತಿಯಲ್ಲಿಯೂ ಮಾರ್ದವ

ದಶಲಕ್ಷಣ ಪರ್ವದ ಎರಡನೆಯ ದಿನ ಉತ್ತಮ ಮಾರ್ದವವನ್ನು ಚಿಂತಿಸುವಾಗಲೆಲ್ಲ ನನಗೆ ಪರದೇಶದ ಒಂದು ಪ್ರಸಂಗ ನೆನಪಾಗುತ್ತದೆ. ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರು 1951ರ ಏಪ್ರಿಲ್ 11ರಂದು ದಂಡನಾಯಕ ಡಗ್ಲಾಸ್ ಮ್ಯಾಕ್‌ಆರ್ಥರ್ ಅವರನ್ನು ಪದಚ್ಯುತಗೊಳಿಸಿದ ಪ್ರಸಂಗವದು.

ಮ್ಯಾಕ್‌ಆರ್ಥರ್ ಸಾಮಾನ್ಯ ಸೇನಾನಿಯಲ್ಲ. 1945ರಲ್ಲಿ ಜಪಾನಿನ ಶರಣಾಗತಿಯನ್ನು ಸ್ವೀಕರಿಸಿದವರು. 1950ರ ಸೆಪ್ಟೆಂಬರಿನಲ್ಲಿ ಕೊರಿಯಾದ ಇಂಚಾನ್ ತೀರದಲ್ಲಿ ಸೇನೆಯನ್ನಿಳಿಸಿ ಯುದ್ಧದ ಗತಿಯನ್ನೇ ತಿರುಗಿಸಿದವರು. ಆ ಗೆಲುವು ಅವರ ಮಾನಕಷಾಯಕ್ಕೆ ಆಹಾರವಾಯಿತೆಂದು ನನಗೆ ತೋರುತ್ತದೆ. ಚೀನಾ ಯುದ್ಧಕ್ಕೆ ಬರುವ ಸಂಭವ ತೀರ ಕಡಿಮೆ ಎಂದು ಅಕ್ಟೋಬರಿನಲ್ಲಿ ಅವರು ಅಧ್ಯಕ್ಷರಿಗೆ ತಿಳಿಸಿದ್ದರು. ನವೆಂಬರ್ ಮುಗಿಯುವುದರೊಳಗೆ ಚೀನೀ ಸೇನೆ ಪ್ರಚಂಡವಾಗಿ ಮೇಲೆರಗಿತು. 1951ರ ಮಾರ್ಚಿನಲ್ಲಿ ಅಧ್ಯಕ್ಷರು ಸಂಧಾನಕ್ಕೆ ಸಿದ್ಧರಾಗುತ್ತಿರುವಾಗ ಅವರು ತಾವಾಗಿಯೇ ಚೀನಾಕ್ಕೆ ಬೆದರಿಕೆಯ ಹೇಳಿಕೆಯಿತ್ತು ಆ ಯತ್ನವನ್ನು ಕೆಡಿಸಿದರು. ಸರಕಾರದ ನೀತಿಯನ್ನು ಟೀಕಿಸಿ ಅವರು ಬರೆದ ಪತ್ರವನ್ನು ವಿರೋಧಪಕ್ಷದ ನಾಯಕರು ಏಪ್ರಿಲ್ 5ರಂದು ಪ್ರತಿನಿಧಿ ಸಭೆಯಲ್ಲಿ ಓದಿದರು.

ಯುದ್ಧವೇ ಹಿಂಸೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹೊತ್ತಿದ ಬೆಂಕಿಯನ್ನು ಹಬ್ಬಗೊಡದಿರುವುದೂ ಆಳುವವನ ಧರ್ಮ. ಜನರಿಂದ ಆರಿಸಲ್ಪಟ್ಟವನ ಆಜ್ಞೆಯನ್ನು ಶಸ್ತ್ರಧಾರಿ ಮೀರಿದರೆ ರಾಜ್ಯವೇ ಉಳಿಯದು. ಆದುದರಿಂದ ಟ್ರೂಮನ್ನರ ನಿರ್ಧಾರ ಸರಿಯಾದುದೆಂದೇ ನನ್ನ ಭಾವನೆ. ಅದಕ್ಕಾಗಿ ಅವರು ಜನರ ತೀವ್ರ ಕೋಪವನ್ನೂ ಸಹಿಸಿದರು.

ಆದರೆ ಆಜ್ಞೆ ತಲುಪಿದ ಬಗೆ? ಸೇನಾ ಇಲಾಖೆಯ ಕಾರ್ಯದರ್ಶಿ ಫ್ರಾಂಕ್ ಪೇಸ್ ಅವರು ಖುದ್ದಾಗಿ ಹೋಗಿ ತಿಳಿಸಬೇಕೆಂದಿತ್ತು. ಸುದ್ದಿ ಮೊದಲೇ ಸೋರುವುದೆಂಬ ಭಯದಿಂದ ವಾಷಿಂಗ್ಟನ್ನಿನಲ್ಲಿ ರಾತ್ರಿ ಒಂದು ಗಂಟೆಗೆ ಪತ್ರಕರ್ತರನ್ನು ಕರೆದು ಪ್ರಕಟಿಸಿದರು. ಟೋಕಿಯೋದಲ್ಲಿ ಅತಿಥಿಗಳೊಡನೆ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದ 71ರ ವೃದ್ಧ ಸೇನಾನಿಗೆ ರೇಡಿಯೋ ಸುದ್ದಿಯನ್ನು ಪತ್ನಿಯೇ ಬಂದು ಹೇಳಬೇಕಾಯಿತು.

ಇದನ್ನು ಓದಿದಾಗ ನಾನು ತಲೆತಗ್ಗಿಸಿದೆ. ನಮ್ಮ ಬಸದಿಯ ಆಡಳಿತ ಮಂಡಳಿಗೆ ನಾನು ಕಾರ್ಯದರ್ಶಿಯಾಗಿದ್ದ ಕಾಲದಲ್ಲಿ, ಮಂಡಳಿಯ ನಿರ್ಣಯಗಳನ್ನು ಪದೇ ಪದೇ ಮೀರುತ್ತಿದ್ದ ಹಿರಿಯ ವ್ಯವಸ್ಥಾಪಕರೊಬ್ಬರನ್ನು ಬಿಡಿಸಬೇಕಾಯಿತು. ಅವರು ಪ್ರಾಮಾಣಿಕರು, ಬಸದಿಯನ್ನು ತಮ್ಮ ಮನೆಗಿಂತ ಹೆಚ್ಚಾಗಿ ನೋಡಿಕೊಂಡವರು. ನಿರ್ಣಯ ಸರಿಯಾಗಿತ್ತು. ಆದರೆ ಎದುರುನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಅಂಚೆಯಲ್ಲಿ ಪತ್ರ ಹಾಕಿದೆ. ಅದು ತಲುಪುವ ಮೊದಲೇ, ಬೆಳಗಿನ ಅಭಿಷೇಕಕ್ಕೆ ಬಂದ ಅವರಿಗೆ ಹೂವು ಮಾರುವವಳು ವಿಷಯ ತಿಳಿಸಿದಳಂತೆ.

ಆ ವರ್ಷ ಕ್ಷಮಾವಣಿಯ ದಿನ ಅವರ ಮನೆಗೆ ಹೋಗಿ ಕೈಮುಗಿದೆ. "ತೆಗೆದುದಕ್ಕೆ ನನಗೆ ದುಃಖವಿಲ್ಲ ಸ್ವಾಮಿ, ನೀವು ಬಂದು ಹೇಳಬಹುದಿತ್ತು" ಎಂದಷ್ಟೇ ಅಂದರು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ.

ಹಿಂಸೆಯ ಮೂಲವನ್ನು ನಮ್ಮ ಆಚಾರ್ಯರು ಪ್ರಮಾದದಲ್ಲಿ ಕಂಡರು. ಮಾನವು ಆಜ್ಞೆಯನ್ನು ಮೀರುವವನಲ್ಲಿ ಮಾತ್ರವಲ್ಲ, ಆಜ್ಞೆ ಮಾಡುವವನಲ್ಲಿಯೂ ಅಡಗಿರುತ್ತದೆ. ಭಯವೂ ಅದರ ಒಡನಾಡಿ. ಸಂಸ್ಥೆಗಳನ್ನು ನಡೆಸುವ ಧರ್ಮಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಯಾರನ್ನಾದರೂ ಸ್ಥಾನದಿಂದ ಇಳಿಸಬೇಕಾದಾಗ ಇಳಿಸಿರಿ, ಆದರೆ ಊರಿಗೆ ತಿಳಿಯುವ ಮೊದಲು ಅವರ ಮನೆಯ ಬಾಗಿಲಿಗೆ ನೀವೇ ಹೋಗಿರಿ.